ಮಲೆನಾಡಿನ ಮನೆ ಸಾಮಾನು ಹಡಗು ಹತ್ತುವ ಮೊದಲು

ಪ್ಯಾಕಿಂಗ್‌ನವರ ಲಾರಿ ಅಂಗಳಕ್ಕೆ ಬರುವುದಕ್ಕೆ ಬಹಳ ಮೊದಲೇ ಒಂದು ದಪ್ಪ ನೋಟ್‌ಬುಕ್ ಕೊಂಡು ತನ್ನಿ. ಕೋಣೆ ಕೋಣೆಗೆ ಹೋಗಿ, ಕಳಿಸಬೇಕೆಂದಿರುವ ಪ್ರತಿ ವಸ್ತುವಿನ ಹೆಸರು, ಅದು ಯಾವುದರಿಂದ ಮಾಡಿದ್ದು, ಯಾವ ವರ್ಷ ನಿಮ್ಮ ಕೈಗೆ ಬಂತು, ಈಗ ಎಷ್ಟು ಬೆಲೆ ಬಾಳೀತು ಎಂಬುದನ್ನು ಬರೆಯಿರಿ. ಬೆಂಗಳೂರಿನಲ್ಲಿ ಕಸ್ಟಮ್ಸ್ ಏಜೆಂಟರೊಬ್ಬರ ಕಚೇರಿಯಲ್ಲಿ ಬಹುಕಾಲ ಇಂಥ ಕಡತಗಳನ್ನು ನೋಡಿಕೊಂಡವಳು ನಾನು. ಈಗ ಸಾಗರದ ಹತ್ತಿರ ತೋಟದ ಮನೆಯಲ್ಲಿದ್ದೇನೆ. ಮೆಲ್ಬರ್ನ್, ಲಂಡನ್, ಟೊರೊಂಟೊ ಎಂದು ಹೊರಟ ಮಕ್ಕಳನ್ನು ಕರೆದುಕೊಂಡು ಊರಿನವರು ಬಂದಾಗ ಮೊದಲು ಹೇಳುವುದು ಈ ಪಟ್ಟಿಯ ಮಾತನ್ನೇ. ‘ಅಡುಗೆ ಸಾಮಾನು, ಒಂದು ಪೆಟ್ಟಿಗೆ’ ಎಂದಷ್ಟೇ ಬರೆದರೆ ಅದು ಪಟ್ಟಿಯಲ್ಲ. ಅಂಥ ಪೆಟ್ಟಿಗೆಯನ್ನೇ ಅಧಿಕಾರಿಗಳು ಮೊದಲು ತೆರೆಸುತ್ತಾರೆ.

ವರ್ಷ ಏಕೆ ಬರೆಯಬೇಕು ಎಂದರೆ, ನೀವು ಬಳಸಿದ ವಸ್ತುವಿಗೆ ಮಾತ್ರ ಸುಂಕದ ವಿನಾಯಿತಿ. ಆಸ್ಟ್ರೇಲಿಯಾಕ್ಕೆ ಹೋಗುವ ಸಾಮಾನು ಕನಿಷ್ಠ 12 ತಿಂಗಳು ನಿಮ್ಮದಾಗಿದ್ದು, ನೀವು ಬಳಸಿದ್ದಾಗಿರಬೇಕು. ಅಮೆರಿಕವೂ ಮನೆ ಸಾಮಾನಿಗೆ ಒಂದು ವರ್ಷದ ಬಳಕೆಯನ್ನು ಕೇಳುತ್ತದೆ. ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ದೇಶಗಳಿಗೆ 6 ತಿಂಗಳ ಬಳಕೆ ಸಾಕು, ಆದರೆ ನೀವು ಅದಕ್ಕೆ ಮುನ್ನ 12 ತಿಂಗಳು ಸತತವಾಗಿ ಹೊರಗೆ ವಾಸವಾಗಿರಬೇಕು. ಕೆನಡಾಕ್ಕೆ ನೆಲೆಸಲು ಹೋಗುವವರಿಗೆ ತಿಂಗಳ ಲೆಕ್ಕವಿಲ್ಲ; ಅಲ್ಲಿ ಕಾಲಿಡುವ ಮೊದಲೇ ವಸ್ತು ನಿಮ್ಮದಾಗಿ, ಬಳಕೆಯಲ್ಲಿದ್ದರೆ ಆಯಿತು. ಹೊರಡುವ ವಾರ ಶಿವಮೊಗ್ಗದ ಅಂಗಡಿಯಿಂದ ಹೊಸ ಮಿಕ್ಸಿ, ಹೊಸ ಕುಕ್ಕರ್ ತಂದು ಪೆಟ್ಟಿಗೆಗೆ ತುಂಬುವುದು ನಮ್ಮಲ್ಲಿ ರೂಢಿ. ಬಹುತೇಕ ದೇಶಗಳಲ್ಲಿ ಅವು ವಿನಾಯಿತಿಯ ಹೊರಗೆ ಉಳಿಯುತ್ತವೆ.

ಈ ವಿನಾಯಿತಿ ಕೇಳುವ ಅರ್ಜಿ ನಮೂನೆಗಳಲ್ಲೂ ವ್ಯತ್ಯಾಸವಿದೆ. ಆಸ್ಟ್ರೇಲಿಯಾಕ್ಕೆ ಬಿ534, ಅಮೆರಿಕಕ್ಕೆ 3299. ಬ್ರಿಟನ್ನಿಗೆ ‘ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್’ ಅರ್ಜಿಯನ್ನು ಸಾಮಾನು ತಲುಪುವ ಮೊದಲೇ ಸಲ್ಲಿಸಿ ಒಪ್ಪಿಗೆಯ ಸಂಖ್ಯೆ ಪಡೆದಿರಬೇಕು. ಕೆನಡಾದ ಬಿಎಸ್‌ಎಫ್186 ವಿಷಯದಲ್ಲಿ ಎಚ್ಚರ ಬೇಕು: ಹಿಂದಿನಿಂದ ಬರುವ ಸಾಮಾನಿನ ಪಟ್ಟಿಯನ್ನು ನೀವು ಮೊದಲ ಸಲ ಇಳಿದ ವಿಮಾನ ನಿಲ್ದಾಣದಲ್ಲೇ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಅಮೆರಿಕಕ್ಕೆ ಹೋಗುವ ಸರಕಿನ ಭದ್ರತಾ ವಿವರವು ಹಡಗಿಗೆ ತುಂಬುವ 24 ಗಂಟೆ ಮೊದಲೇ ಸಲ್ಲಿಕೆಯಾಗಬೇಕು. ಅದನ್ನು ಏಜೆಂಟರು ಮಾಡುತ್ತಾರೆ, ಆದರೆ ಪಟ್ಟಿ ನಿಮ್ಮಿಂದಲೇ ಹೋಗಬೇಕು.

ಇಷ್ಟು ಎಲ್ಲ ಊರಿನವರಿಗೂ ಅನ್ವಯಿಸುವ ಮಾತು. ಮಲೆನಾಡಿನವರಿಗೆ ಇನ್ನೊಂದಿದೆ. ಅಲ್ಲಿನ ಸುಂಕಕ್ಕೆ ವಸ್ತು ಹಳೆಯದಾಗಿರಬೇಕು, ಇಲ್ಲಿನ ಕಾನೂನಿಗೆ ಅದು ತೀರಾ ಹಳೆಯದಾಗಿರಬಾರದು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ನಾಣ್ಯ, ಕುಸುರಿ ಕೆಲಸದ ವಸ್ತು ಎಲ್ಲವೂ ಪುರಾವಸ್ತು. ಕಟ್ಟಡದಿಂದ ಕಳಚಿ ತೆಗೆದದ್ದೂ ಅದರಲ್ಲಿ ಸೇರುತ್ತದೆ. ಮೌಲ್ಯವುಳ್ಳ ಹಸ್ತಪ್ರತಿಗಾದರೆ 75 ವರ್ಷವೇ ಸಾಕು. ಖಾಸಗಿಯವರು ಇವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಹಳೆಯ ತೊಟ್ಟಿಮನೆ ಬಿಚ್ಚಿದಾಗ ಅಣ್ಣತಮ್ಮಂದಿರು ಹಂಚಿಕೊಂಡ ಕೆತ್ತನೆಯ ಕಂಬ, ಬಾಗಿಲವಾಡ, ದೇವರ ಕೋಣೆಯ ದೀಪ, ಅಟ್ಟದ ತಾಳೆಗರಿ ಕಟ್ಟು ಇವೆಲ್ಲ ಈ ಮಾತಿನ ಒಳಗೆ ಬರಬಹುದು. ವಯಸ್ಸಿನ ಬಗ್ಗೆ ಸಂದೇಹವಿದ್ದರೆ ಫೋಟೋ ತೆಗೆದು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ಕಚೇರಿಗೆ ಅರ್ಜಿ ಹಾಕಿ, ಇದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ. ನೂರು ದಾಟಿದ್ದು ಎಂದು ನಿಮಗೇ ಗೊತ್ತಿದ್ದರೆ ಅದು ಊರಿನಲ್ಲೇ ಇರಲಿ. ಅಜ್ಜನ ಮನೆಯ ಕಂಬ ಬಂದರಿನ ಗೋದಾಮಿನಲ್ಲಿ ಮುಟ್ಟುಗೋಲಾಗಿ ಬೀಳುವುದಕ್ಕಿಂತ ತಮ್ಮನ ಜಗಲಿಯಲ್ಲಿ ನಿಲ್ಲುವುದು ಎಷ್ಟೋ ಮೇಲು.

ಮರದ ಜಾತಿಯನ್ನೂ ಪಟ್ಟಿಯಲ್ಲಿ ಬರೆಯಿರಿ. ಬೀಟೆ 2017ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಸಣ್ಣ ಪೆಟ್ಟಿಗೆ, ಆಟಿಕೆಗಳಿಗೆ ತೂಕದ ಮಿತಿಯೊಳಗೆ ರಿಯಾಯಿತಿ ಉಂಟು. ಬೀಟೆಯ ಮಂಚ, ಕಪಾಟಿನಂಥವಕ್ಕೆ ಅನುಮತಿ ಪತ್ರ ಬೇಕಾಗುತ್ತದೆ. ಸಾಗರ, ಸೊರಬದ ಗುಡಿಗಾರರು ಕೆತ್ತಿದ ಗಂಧದ ಮೂರ್ತಿಯನ್ನು ಕೊಂಡ ರಸೀದಿಯೊಂದಿಗೆ ಕಳಿಸಬಹುದು, ಗಂಧದ ಕೊರಡನ್ನು ಅಲ್ಲ. ದಂತದ ಕೆಲಸವಿರುವ ಯಾವುದೂ ಬೇಡ. ಜಗಲಿಯ ಗೋಡೆಯ ಕಡವೆ ಕೊಂಬು, ನವಿಲುಗರಿಯ ಗೊಂಚಲು ಕೂಡ ಬೇಡವೇ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದರಲ್ಲಿ ಬಹಳ ಬಿಗಿ.

ಆಸ್ಟ್ರೇಲಿಯಾಕ್ಕೆ ಹೊರಟವರ ಅಡುಗೆಮನೆಯನ್ನು ನಾನೇ ಹೋಗಿ ನೋಡುತ್ತೇನೆ, ಅಷ್ಟು ಕಾಳಜಿ ನನಗೆ. ದಾಸ್ತಾನು ಧಾನ್ಯವನ್ನು ತಿಂದುಹಾಕುವ ಖಾಪ್ರಾ ಹುಳುವಿನ ಭಯದಿಂದ ಆ ದೇಶ 2020ರಿಂದ ಅಕ್ಕಿ, ಗೋಧಿ, ಕಡಲೆ, ಹೆಸರು, ತೊಗರಿ, ಒಣಮೆಣಸು, ಕೊತ್ತಂಬರಿ ಬೀಜ, ಜೀರಿಗೆ ಇಂಥವು ಮನೆ ಸಾಮಾನಿನ ಜೊತೆ ಬರುವುದನ್ನು ನಿಷೇಧಿಸಿದೆ. ಆದ್ದರಿಂದ ಡಬ್ಬಿಗಳನ್ನು ತೊಳೆದು, ಬಿಸಿಲಿಗಿಟ್ಟು, ಖಾಲಿಯಾಗಿ ಕಳಿಸಿ. ಅಪ್ಪೆಮಿಡಿಯ ಭರಣಿಯೂ ಸೇರಿ ತಿನ್ನುವ ವಸ್ತು ಒಂದನ್ನೂ ಹಡಗಿಗೆ ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಗೋಡೆಯ ಅಲಂಕಾರದಲ್ಲಿ ನಮ್ಮವರು ಎಡವುವುದು ಹೆಚ್ಚು. ಹಸೆ ಚಿತ್ತಾರವನ್ನು ಕಾಗದದ ಮೇಲೋ ಬಟ್ಟೆಯ ಮೇಲೋ ಬರೆಸಿಕೊಂಡರೆ ತೊಂದರೆ ಕಡಿಮೆ. ಭತ್ತದ ತೆನೆಯ ತೋರಣ ಎಷ್ಟೇ ಚೆಂದವಿರಲಿ, ಅದರಲ್ಲಿರುವುದು ಬೀಜ. ಸಗಣಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊರಗಿನ ಹುಳು, ರೋಗ ಒಳಬರದಂತೆ ಕಾಯುವ ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯವರಿಗೆ ಆಗದ ವಸ್ತುಗಳೆಲ್ಲ ಒಟ್ಟಿಗಿವೆ. ಚಂಡೆ, ಮದ್ದಳೆಯಲ್ಲಿ ಚರ್ಮವಿದೆ ಎಂದು ಪಟ್ಟಿಯಲ್ಲೇ ಬರೆಯಿರಿ. ಹಾರೆ, ಕತ್ತಿ, ಬೂಟು, ಸೈಕಲ್ ಚಕ್ರಗಳ ಮಣ್ಣನ್ನು ಬ್ರಷ್ ಹಾಕಿ ತೊಳೆಯಿರಿ. ಹೇಳಿ ಕಳಿಸಿದ ವಸ್ತುವನ್ನು ಹೆಚ್ಚೆಂದರೆ ನಿಮ್ಮ ಖರ್ಚಿನಲ್ಲಿ ಶುದ್ಧಿ ಮಾಡಿಸುತ್ತಾರೆ, ಇಲ್ಲವೇ ನಾಶ ಮಾಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡವೂ ಸೇರುತ್ತದೆ.

ಪ್ಯಾಕಿಂಗ್‌ಗೆ ಹುಲ್ಲು, ಅಡಿಕೆ ಹಾಳೆ, ಹಣ್ಣು ಅಥವಾ ಮೊಟ್ಟೆ ಬಂದ ಹಳೆಯ ರಟ್ಟಿನ ಪೆಟ್ಟಿಗೆ ಬಳಸಬಾರದು. ಊರಿನ ಸಾಮಿಲ್ಲಿನಲ್ಲಿ ಹಲಗೆ ಕೊಯ್ಸಿ ಬಡಿದ ಪೆಟ್ಟಿಗೆಯೂ ನಡೆಯುವುದಿಲ್ಲ. ಮರದ ಒಳಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯುವಂತೆ ಬಿಸಿ ಮಾಡಿ ಅಥವಾ ಹೊಗೆ ಹಾಕಿ, ಗೋಧಿ ತೆನೆಯ ಗುರುತಿರುವ ಅಂತರರಾಷ್ಟ್ರೀಯ ಮುದ್ರೆ ಒತ್ತಿದ ಪೆಟ್ಟಿಗೆಯನ್ನೇ ಕೇಳಿ. ಮತ್ತೆ, ಮಳೆಗಾಲದಲ್ಲಿ ಪ್ಯಾಕ್ ಮಾಡಿಸಬೇಡಿ. ಆಷಾಢದ ತೇವ ಹಾಸಿಗೆಯೊಳಗೆ, ಪುಸ್ತಕದ ಬೆನ್ನಿನೊಳಗೆ ಕುಳಿತು, ಮುಚ್ಚಿದ ಕಂಟೇನರಿನಲ್ಲಿ ವಾರಗಟ್ಟಲೆ ಬೂಷ್ಟು ಹಿಡಿಯುತ್ತದೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು.

ನಮ್ಮ ಕಡೆಯ ಸಾಮಾನು ಸಾಮಾನ್ಯವಾಗಿ ಲಾರಿಯಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಚೆನ್ನೈ ಬಂದರು ಸೇರುತ್ತದೆ. ಏಜೆಂಟರಿಗೆ ಪಾಸ್‌ಪೋರ್ಟ್, ವೀಸಾ ಪ್ರತಿ, ಅಧಿಕಾರ ಪತ್ರ, ಅಲ್ಲಿನ ವಿಳಾಸ ಕೊಡಿ. ಮೂಲ ದಾಖಲೆಗಳು ಮತ್ತು ಚಿನ್ನ ಪೆಟ್ಟಿಗೆಗೆ ಹೋಗಕೂಡದು, ಕೈಯಲ್ಲೇ ಒಯ್ಯಿರಿ. ಮುಂದೆ ರಜೆಗೆ ಬರುವಾಗ ಅದೇ ಒಡವೆ ಮರಳಿ ತರುವುದಿದ್ದರೆ, ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ಇದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಊರಿನಿಂದ ಹಿಂದಿನ ರಾತ್ರಿಯೇ ಹೊರಡಿ.