ಮಳೆಯ ಹೆಸರು ಬರೆದ ಕ್ಯಾಲೆಂಡರ್

ನಮ್ಮ ಅಡುಗೆಮನೆಯಲ್ಲಿ ಫ್ರಿಜ್ ಪಕ್ಕ ಕಾಗದದ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು ಎಲ್ಲರ ಮನೆಯಂತೆ ನಮ್ಮಲ್ಲೂ ಅದರ ಮೇಲೇ ಬರೆಯುವುದು. ಜನವರಿಯಲ್ಲಿ ಹೊಸದು ಬಂದ ಕೂಡಲೇ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಮಳೆ ನಕ್ಷತ್ರಗಳ ಹೆಸರನ್ನೆಲ್ಲ ಹಸಿರು ಪೆನ್ನಿನಲ್ಲಿ ದೊಡ್ಡದಾಗಿ ಬರೆಯುತ್ತೇನೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ ನಿಜ, ಆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪೆನ್ನಿಗೆ ದಾರ ಕಟ್ಟಿ ಅದೇ ಮೊಳೆಗೆ ನೇತುಹಾಕಿದ್ದೇನೆ. ಪೆನ್ನು ಹುಡುಕಬೇಕು ಅಂದರೆ ಮನೆಯಲ್ಲಿ ಯಾರೂ ಏನೂ ಬರೆಯುವುದಿಲ್ಲ.

ಬೆಂಗಳೂರಿನಲ್ಲಿದ್ದು ಮರ ಗಿಡ, ಮಳೆ ಬಿಸಿಲು ಸವಿಯಬೇಕು ಅಂದರೆ ಶನಿವಾರ ಭಾನುವಾರ ಸಕಲೇಶಪುರಕ್ಕೆ ಓಡಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸಿಲ್ಲ. ಯಾವಾಗ ಏನು ಬರುತ್ತದೆ ಅಂತ ಮೊದಲೇ ಗೊತ್ತಿರಬೇಕು, ಬರುವವರೆಗೆ ಕಾಯಬೇಕು. ಅಷ್ಟಾದರೆ ಬಾಡಿಗೆ ಮನೆಯ ಮಹಡಿಯೇ ಸಾಕು.

ಮಳೆ ನಕ್ಷತ್ರದ ಲೆಕ್ಕ ಕಷ್ಟದ್ದೇನಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಹಾಗೆ 27 ದಾಟಿದರೆ ಒಂದು ವರ್ಷ. ಅದಕ್ಕೇ ಹಬ್ಬಗಳ ಹಾಗೆ ಇವು ಹಿಂದೆ ಮುಂದೆ ಓಡಾಡುವುದಿಲ್ಲ. ಏಪ್ರಿಲ್ ಕೊನೆಗೆ ಭರಣಿ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ 22ರ ಸುಮಾರಿಗೆ ಆರಿದ್ರಾ, ಅಕ್ಟೋಬರ್ 24ರ ಸುಮಾರಿಗೆ ಸ್ವಾತಿ. ಒಂದು ದಿನ ಆಚೀಚೆ ಆಗಬಹುದು, ಅಷ್ಟೇ. ಹಳೇ ವರ್ಷದ ಕ್ಯಾಲೆಂಡರ್ ನೋಡಿ ಬರೆದುಕೊಂಡರೂ ನಡೆಯುತ್ತದೆ.

ಒಂದೊಂದು ಮಳೆಗೂ ಒಂದೊಂದು ಗಾದೆ ಇದೆ. ಅದನ್ನೂ ಪಕ್ಕದಲ್ಲಿ ಬರೆಯುತ್ತೇನೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ. ಕುರುಡು ಚಿತ್ತೆ, ಎರಚಿದತ್ತ ಬೆಳೆ. ನನಗೆ ಜಾಸ್ತಿ ಇಷ್ಟ ಮಘೆಯದು: ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಆಗಸ್ಟ್ ಮಧ್ಯದಲ್ಲಿ ಮಘೆ ಶುರುವಾದ ದಿನ ನಾನು ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಳ್ಳುತ್ತೇನೆ. ಗಾದೆಯಲ್ಲೇ ಇದೆಯಲ್ಲ, ಯಾರು ಏನನ್ನುವ ಹಾಗಿದೆ?

ಹೆಸರು ಬರೆದಾಯಿತು. ಇನ್ನು ಬಂದ ಮಳೆಯನ್ನು ಅಳೆಯುವುದು. ಇದನ್ನು ಯಾರು ಬೇಕಾದರೂ ಮಾಡಬಹುದು. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಸ್ಟೀಲ್ ಡಬ್ಬಿ ಬೇಕು. ಸಕ್ಕರೆ ಡಬ್ಬಿ ಆಗುತ್ತದೆ. ಬಾಯಿ ಅಗಲವಾಗಿ ತಳ ಕಿರಿದಾದ ಬಕೆಟ್ಟು ಆಗುವುದಿಲ್ಲ, ಅದರಲ್ಲಿ ಲೆಕ್ಕ ಜಾಸ್ತಿ ತೋರಿಸುತ್ತದೆ. ತಾರಸಿಯಲ್ಲಿ ಗೋಡೆಯಿಂದ, ನೀರಿನ ಟ್ಯಾಂಕಿನಿಂದ ದೂರ ಇಡಬೇಕು. ಗಾಳಿಗೆ ಉರುಳದಂತೆ ಎರಡೂ ಕಡೆ ಇಟ್ಟಿಗೆ ಕೊಡಬೇಕು. ಡಬ್ಬಿಯೊಳಗೆ ಕಲ್ಲು ಹಾಕಿದರೆ ಭಾರ ಸಿಗುತ್ತದೆ, ಲೆಕ್ಕ ಕೆಡುತ್ತದೆ. ಬೆಳಿಗ್ಗೆ ಎಂಟೂವರೆಗೆ ಸ್ಟೀಲ್ ಸ್ಕೇಲ್ ನೆಟ್ಟಗೆ ಇಳಿಸಿ ಎಷ್ಟು ಮಿಲಿಮೀಟರ್ ಒದ್ದೆಯಾಗಿದೆ ನೋಡುತ್ತೇನೆ. ಮಕ್ಕಳ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಗೆ ಮುಂಚೆ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ, ಅದಕ್ಕೆ ಸ್ಟೀಲಿನದೇ ಬೇಕು. ಹವಾಮಾನ ಇಲಾಖೆಯವರು ಅಳೆಯುವುದೂ ಬೆಳಿಗ್ಗೆ ಎಂಟೂವರೆಗೇ. ಅವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ತಾಳೆಯಾಗುವುದು ಅಪರೂಪ. ಈ ಊರಿನ ಮಳೆಯೇ ಹಾಗೆ. ಜಯನಗರದಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೆ ಯಲಹಂಕದಲ್ಲಿ ಬಟ್ಟೆ ಒಣಗುತ್ತಿರುತ್ತವೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 30×40 ಸೈಟು ಸುಮಾರು 111 ಚದರ ಮೀಟರ್. 10 ಮಿಲಿಮೀಟರ್ ಬಿದ್ದರೆ ಸೈಟಿನ ಮೇಲೆ ಸಾವಿರದ ನೂರು ಲೀಟರಿಗೂ ಜಾಸ್ತಿ ಬಿದ್ದ ಹಾಗಾಯಿತು. ಈ ಲೆಕ್ಕ ಹೇಳಿದ ಮೇಲೇ ನಮ್ಮ ಮನೆ ಓನರ್ ತಾರಸಿ ಪೈಪಿಗೆ ಡ್ರಮ್ ಇಡಲು ಒಪ್ಪಿದ್ದು. ಬೆಂಗಳೂರಿನ ದೊಡ್ಡ ಮಳೆ ಜೂನಿನದಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಹೊತ್ತಿಗೆ ಡಬ್ಬಿಗೆ ನಿಜವಾದ ಕೆಲಸ.

ಒಳ್ಳೆ ಮಳೆ ಬಂದ ಬೆಳಿಗ್ಗೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳುತ್ತೇನೆ. ನಮ್ಮೂರು ತುಮಕೂರು ಜಿಲ್ಲೆಯಲ್ಲಿ, ರಾಗಿ ಬೆಳೆಯುವ ಕಡೆ. ಅಮ್ಮನಿಗೆ ನನ್ನ ಡಬ್ಬಿಯ ಮೇಲೆ ಅಂಥ ಗೌರವವೇನಿಲ್ಲ. "ಮಿಲಿಮೀಟ್ರು ಕಟ್ಕಂಡು ನಾನೇನ್ ಮಾಡ್ಲಪ್ಪ, ಹದ ಆಯ್ತಾ ಹೇಳು" ಅನ್ನುತ್ತಾರೆ. ಹದ ಆಗಿದೆಯಾ ಅಂತ ನೋಡಲು ನಮ್ಮ ಬೀದಿಯಲ್ಲಿ ಮಣ್ಣೆಲ್ಲಿದೆ? ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಎರಡು ಗೆಣ್ಣು ಇಳಿದಿದೆ ಅಂತೀನಿ. "ಹಂಗಾರೆ ಪರವಾಗಿಲ್ಲ" ಅನ್ನುತ್ತಾರೆ.

ಮಳೆಗೆ ಬಿಸಿಬಿಸಿ ಬಜ್ಜಿ ಅನ್ನುವುದನ್ನು ನಾನು ಬಿಟ್ಟುಬಿಟ್ಟೆ. ಹಿಟ್ಟು ಕಲಸಿ, ಎಣ್ಣೆ ಕಾಯಿಸಿ, ಮೊದಲ ಬಜ್ಜಿ ತೆಗೆಯುವ ಹೊತ್ತಿಗೆ ಮಳೆ ನಿಂತಿರುತ್ತದೆ. ಕರಿಯುವವರಿಗೆ ಕಿಟಕಿ ಕಡೆ ತಿರುಗಲೂ ಪುರುಸೊತ್ತಿಲ್ಲ. ಚುರುಮುರಿ ವಾಸಿ. ಪುರಿ, ಹೆಚ್ಚಿದ ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು, ಹುರಿದ ಕಡಲೆಬೀಜ, ಸ್ವಲ್ಪ ಖಾರದಪುಡಿ, ನಿಂಬೆಹಣ್ಣು, ಒಂದು ಚಮಚ ಹಸಿ ಎಣ್ಣೆ. ಐದು ನಿಮಿಷದಲ್ಲಿ ಎಲ್ಲರೂ ಬಾಗಿಲ ಹತ್ತಿರ ಕೂತಿರಬಹುದು. ಕರೆಂಟ್ ಹೋದರೂ ತೊಂದರೆಯಿಲ್ಲ.

ಬೇಸಿಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಸೆಕೆಯನ್ನು ಹೊಗಳುವಷ್ಟು ಒಳ್ಳೆಯವನು ನಾನಲ್ಲ. ಆದರೂ ಯುಗಾದಿ ಹೊತ್ತಿಗೆ ಬೇವು ಹೂ ಬಿಟ್ಟಿರುವುದನ್ನು ನೋಡಿದರೆ ಹಬ್ಬ ಇಟ್ಟವರ ಮೇಲೆ ಪ್ರೀತಿ ಬರುತ್ತದೆ. ನಮ್ಮ ಬೀದಿಯ ಹೊಂಗೆ ಮಾರ್ಚಿನಲ್ಲಿ ಎಲೆಯೆಲ್ಲ ಉದುರಿಸಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಚಿಗುರು ಬಿಟ್ಟು, ಆಮೇಲೆ ರಸ್ತೆ ತುಂಬ ಹೂ ಸುರಿಸುತ್ತದೆ. ಗುಡಿಸುವವರಿಗೆ ಮಾತ್ರ ಪಾಪ ಎರಡು ಪಟ್ಟು ಕೆಲಸ. ಏಪ್ರಿಲ್ 24ರಂದು ಒಂದು ತಮಾಷೆ ಇದೆ. ಬೆಂಗಳೂರಿನಲ್ಲಿ ಅವತ್ತು ಮಧ್ಯಾಹ್ನ ಹನ್ನೆರಡು ಗಂಟೆ ಹದಿನೇಳು ನಿಮಿಷದ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ತಾರಸಿಯಲ್ಲಿ ಸಂಡಿಗೆ ಪಕ್ಕ ಒಂದು ಸ್ಟೀಲ್ ಲೋಟ ಬೋರಲು ಹಾಕಿ. ಒಂದು ಗಳಿಗೆ ಅದರ ನೆರಳೇ ಇರುವುದಿಲ್ಲ. ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಸಲ ಹೀಗೇ ಆಗುತ್ತದೆ, ಆದರೆ ಆಗ ಮೋಡ ಬಿಡಬೇಕಲ್ಲ. ಹುಬ್ಬಳ್ಳಿಯವರು ಮೇ ಮೊದಲ ವಾರ ನೋಡಬೇಕು. ಉತ್ತರಕ್ಕೆ ಹೋದಷ್ಟೂ ದಿನ ಮುಂದೆ ಹೋಗುತ್ತದೆ.

ಮಾವಿಗೂ ಒಂದು ಸಾಲು ಇದೆ. ಮೊದಲು ರಾಮನಗರದ ಕಡೆಯ ಹಣ್ಣು, ಆಮೇಲೆ ಶ್ರೀನಿವಾಸಪುರದ್ದು. ಬಾದಾಮಿ, ರಸಪುರಿ ಮೇ ತಿಂಗಳಿಗೆ, ಕೊನೆಗೆ ನೀಲಂ. ನಮ್ಮ ಮನೆಯಲ್ಲಿ ರಸಪುರಿ ಬಂದಾಗ ಮಾತ್ರ ಸೀಕರಣೆ. ಬಾದಾಮಿಯನ್ನು ಹಿಂಡಿ ಹಾಲಿಗೆ ಹಾಕುವುದು ನನ್ನ ಪ್ರಕಾರ ದುಂದು. ಅದನ್ನು ಹೆಚ್ಚಿ ಹಾಗೇ ತಿನ್ನಬೇಕು.

ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸಂಜೆ ಹೋದರೆ ಜನರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ, ಬೆಳಿಗ್ಗೆ ಬೇಗ ಹೋಗಿ. ಹಸಿಕಾಯಿ ತಂದು ಉಪ್ಪು ಹಾಕಿ ಬೇಯಿಸಿ, ಒಲೆ ಆರಿಸಿದ ಮೇಲೆ ಅದೇ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಉಪ್ಪು ಒಳಗೆ ಇಳಿಯುವುದು ಆಗಲೇ.

ಇವೆಲ್ಲ ಒಂದು ತೂಕವಾದರೆ ಅವರೆಕಾಯಿಯದ್ದೇ ಒಂದು ತೂಕ.

ಅವರೆ ನಮ್ಮ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನ ಬೆಳೆ. ಹಳೇ ತಳಿ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ. ನೀವು ಯಾವಾಗ ಬಿತ್ತಿದರೂ ಅಷ್ಟೇ, ಕಾಯಿ ಕಾಣಿಸುವುದು ಚಳಿಗೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂತ ತಳಿಗಳನ್ನು ಬಿಟ್ಟ ಮೇಲೆ ಅವರೆ ವರ್ಷವಿಡೀ ಬೆಳೆಯುವ ಹಾಗಾಯಿತು. ರೈತರಿಗೆ ಅದು ಒಳ್ಳೆಯದೇ. ಜೂನ್‌ನಲ್ಲೂ ಕಾಸು ಸಿಗುತ್ತದೆ. ನಾನು ಮಾತ್ರ ಜೂನ್‌ನಲ್ಲಿ ತರುವುದಿಲ್ಲ. ಸಿಗುವುದಿಲ್ಲ ಅಂತಲ್ಲ. ಜೂನ್‌ನಲ್ಲಿ ತಿಂದುಬಿಟ್ಟರೆ ಡಿಸೆಂಬರ್‌ನಲ್ಲಿ ಆ ಆಸೆ ಎಲ್ಲಿಂದ ಬರಬೇಕು? ಫ್ರೀಜರಿನ ಕಾಳಿಗೂ ಇದೇ ಮಾತು. ಹೆಂಡತಿಗೆ ಈ ನಿಯಮ ಸ್ವಲ್ಪ ಅತಿ ಅನ್ನಿಸುತ್ತದೆ. ಅವಳ ಟೊಮೆಟೊ, ಬೀನ್ಸ್ ತಂಟೆಗೆ ನಾನು ಹೋಗುವುದಿಲ್ಲ, ಅವರೆ ಮತ್ತು ಮಾವಿಗೆ ಮಾತ್ರ ನನ್ನ ಮಾತು ನಡೆಯಬೇಕು ಅಂತ ರಾಜಿಯಾಗಿದೆ.

ಇಬ್ಬನಿ ಬೀಳಲು ಶುರುವಾದ ಮೇಲೆ ಬರುವ ಕಾಯಿಯನ್ನು ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟುತ್ತದೆ. ಅದೇ ಸೊಗಡು. ಬುಟ್ಟಿಯಿಂದ ಒಂದು ಕಾಯಿ ತೆಗೆದು ಉಜ್ಜಿ ಮೂಸಿ ನೋಡಿ. ವಾಸನೆ ಬರದಿದ್ದರೆ ಮುಂದಿನ ಗಾಡಿಗೆ ನಡೆಯಿರಿ. ಕಾಳು ಉಬ್ಬಿರಬೇಕು, ಸಿಪ್ಪೆ ಹಳದಿಗೆ ತಿರುಗಿರಬಾರದು, ತೂತು ಇದ್ದರೆ ಒಳಗೆ ಹುಳ ಇದ್ದೇ ಇರುತ್ತದೆ. ಎಷ್ಟು ಆರಿಸಿದರೂ ಒಂದೆರಡು ಹುಳ ಮನೆಗೆ ಬಂದೇ ಬರುತ್ತವೆ. ಮಗಳು ಕಿರುಚುತ್ತಾಳೆ, ಆಮೇಲೆ ಅದನ್ನೇ ಕಡ್ಡಿಯಲ್ಲಿ ಎತ್ತಿಕೊಂಡು ಮನೆಯೆಲ್ಲ ಸುತ್ತಾಡುತ್ತಾಳೆ. ಒಂದು ಕೆಜಿ ಕಾಯಿಗೆ ಅರ್ಧ ಕೆಜಿ ಕಾಳೂ ಬರುವುದಿಲ್ಲ, ಲೆಕ್ಕ ಹಾಕಿ ಜಾಸ್ತಿಯೇ ತನ್ನಿ.

ನೆಲದ ಮೇಲೆ ಪೇಪರ್ ಹರಡಿ ಎಲ್ಲರೂ ಸುತ್ತ ಕೂರಬೇಕು. ಮೊಬೈಲ್ ಮುಟ್ಟುವ ಹಾಗಿಲ್ಲ. ಬೈಯಬೇಕಾಗಿಯೂ ಇಲ್ಲ, ಸೊಗಡು ಮೆತ್ತಿದ ಕೈಯಲ್ಲಿ ಯಾರೂ ಮುಟ್ಟುವುದಿಲ್ಲ. ಸುಲಿದ ಕಾಳನ್ನು ರಾತ್ರಿ ನೀರಿಗೆ ಹಾಕಿದರೆ ಬೆಳಿಗ್ಗೆ ಸಿಪ್ಪೆ ಮೆತ್ತಗಾಗಿ ಸಡಿಲವಾಗಿರುತ್ತದೆ. ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಒಂದು ತುದಿಯಲ್ಲಿ ಒತ್ತಬೇಕು. ಬೇಳೆ ಚಂಗನೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಬಟ್ಟಲನ್ನು ಬೆರಳಿನ ಹತ್ತಿರವೇ ಹಿಡಿಯಿರಿ. ಇಲ್ಲದಿದ್ದರೆ ಅರ್ಧ ಬೇಳೆಯನ್ನು ಸೋಫಾ ಕೆಳಗಿಂದ ಹೆಕ್ಕಬೇಕಾಗುತ್ತದೆ. ಕೈ ಜಿಡ್ಡಿಗೆ ಬರೀ ಸೋಪು ಸಾಲದು. ಮೊದಲು ಎರಡು ಹನಿ ಕೊಬ್ಬರಿ ಎಣ್ಣೆ ಉಜ್ಜಿ ಆಮೇಲೆ ತೊಳೆದರೆ ಹೋಗುತ್ತದೆ.

ಸಾರಿಗೆ ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಒಂದಿಷ್ಟು ಗಸಗಸೆ ರುಬ್ಬುತ್ತೇನೆ. ಚಕ್ಕೆ ಲವಂಗ ಒಂದೊಂದೇ ಚೂರು. ಅವು ಜಾಸ್ತಿಯಾದರೆ ಅವರೆ ಎಲ್ಲಿದೆ ಅಂತ ಹುಡುಕಬೇಕು. ಕುಕ್ಕರ್ ಬೇಡ. ಹಿತಕಿದ ಬೇಳೆ ಬೇಗ ಬೇಯುತ್ತದೆ, ಕುಕ್ಕರಿಗೆ ಹಾಕಿದರೆ ಕರಗಿ ಗಂಜಿಯಾಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿ, ಒಂದು ಬೇಳೆ ಒತ್ತಿ ನೋಡಿ, ಮೆತ್ತಗಾದ ಕೂಡಲೇ ಇಳಿಸಿ. ಜೊತೆಗೆ ಮುದ್ದೆ, ಇಲ್ಲವೇ ಅಕ್ಕಿ ರೊಟ್ಟಿ. ಜನವರಿಯಲ್ಲಿ ಬೆಂಗಳೂರಿನಲ್ಲಿ ಅವರೆಬೇಳೆ ಮೇಳವೂ ನಡೆಯುತ್ತದೆ. ದೋಸೆ ಚೆನ್ನಾಗಿರುತ್ತದೆ, ಜಿಲೇಬಿ ಒಂದು ಸಲ ತಿಂದು ನೋಡಿದರೆ ಸಾಕು.

ಅಪಾರ್ಟ್‌ಮೆಂಟಿನಲ್ಲಿರುವ ಗೆಳೆಯರು, ನಿನಗೆ ತಾರಸಿ ಇದೆ, ನಮಗೇನಿದೆ ಅಂತ ಕೇಳುತ್ತಾರೆ. ವೈಟ್‌ಫೀಲ್ಡ್ ಕಡೆ ಎತ್ತರದ ಮಹಡಿಯಲ್ಲಿರುವ ಒಬ್ಬನಿಗೆ ಪೂರ್ವಕ್ಕೆ ಬಾಲ್ಕನಿ ಇದೆ. ಸೂರ್ಯ ದಿನಾ ಎಲ್ಲಿ ಹುಟ್ಟುತ್ತಾನೆ ನೋಡಿ ಗ್ರಿಲ್ ಮೇಲೆ ಗುರುತು ಹಾಕು ಅಂದೆ. ಕುರ್ಚಿಯನ್ನು ಒಂದೇ ಜಾಗದಲ್ಲಿಟ್ಟು ಅಲ್ಲಿಂದಲೇ ನೋಡಬೇಕು, ಅದೊಂದೇ ಷರತ್ತು. ಅವನು ಕಾಫಿ ಲೋಟ ಹಿಡಿದು ಅಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡ. ಜೂನ್‌ನಲ್ಲಿ ಎಡಗಡೆಯ ಕಟ್ಟಡದ ಹಿಂದೆ ಹುಟ್ಟುತ್ತಿದ್ದವನು ಡಿಸೆಂಬರ್ ಹೊತ್ತಿಗೆ ಬಲಗಡೆ ಕೊನೆಯ ಸರಳಿಗೆ ಬಂದಿದ್ದ. ಡಿಸೆಂಬರ್ 22 ದಾಟಿದ ಮೇಲೆ ವಾಪಸ್ ಹೊರಟ. ಅಲ್ಲಿಗೆ ಮನೆಯಲ್ಲಿ ಜಗಳ ಶುರು. ಉತ್ತರಾಯಣ ಸಂಕ್ರಾಂತಿಗಲ್ಲವಾ, ಜನವರಿ 14ಕ್ಕೋ 15ಕ್ಕೋ, ಅಂತ ಅವನ ತಂದೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರದ ಲೆಕ್ಕ ಋತುಗಳಿಗಿಂತ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತಾ ಬಂದಿದೆ, ಹಾಗಾಗಿ ಇಷ್ಟು ಅಂತರ ಬಿದ್ದಿದೆ ಅಂತ ನಾನು ಫೋನಿನಲ್ಲಿ ವಿವರಿಸಿದೆ. ನಮ್ಮ ಮಳೆ ನಕ್ಷತ್ರಗಳೂ ಅದೇ ಲೆಕ್ಕದವು ಅಂತಲೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆಯ್ತಪ್ಪ, ಸಂಕ್ರಾಂತಿ ಬರ್ಲಿ, ನಾನೇ ಕೂತು ನೋಡ್ತೀನಿ" ಅಂದರು. ಈಗ ಗ್ರಿಲ್ ಮೇಲೆ ಮಗನ ಗುರುತು ಬಿಳಿ ಬಣ್ಣದ್ದು, ತಂದೆಯದು ಕೆಂಪು.