ಇನ್ನೂರು ವರ್ಷ ಹಿಂದಿನ ಅಮೆರಿಕದಲ್ಲಿ ಅರ್ಜಿ ಹಾಕಿದವರಿಗೆ ದುಡ್ಡು ಸಿಕ್ಕಿತಾ? ಪತ್ತೆ ಹಚ್ಚೋದು ಹೀಗೆ

1780ರಿಂದ 1820ರ ಹೊತ್ತಿನ ಅಮೆರಿಕದಲ್ಲಿ ರಾಜ್ಯ ಸರ್ಕಾರದಿಂದ ದುಡ್ಡು ಬರಬೇಕಿದ್ದವರು ಸಾಮಾನ್ಯವಾಗಿ ಶಾಸನಸಭೆಗೇ ಅರ್ಜಿ ಹಾಕುತ್ತಿದ್ದರು. ಸೈನ್ಯಕ್ಕೆ ಕೊಟ್ಟ ದನದ ಬಾಕಿ, ಗಾಯಗೊಂಡ ಸಿಪಾಯಿಯ ಪಿಂಚಣಿ, ಪ್ರಿಂಟರ್‌ನ ಬಿಲ್ಲು, ಎಲ್ಲಾ ಅಲ್ಲಿಗೇ. 1793ರಲ್ಲಿ ಸುಪ್ರೀಂ ಕೋರ್ಟ್, ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಕೊಟ್ಟ ಸರಕಿನ ಬಾಕಿಗೆ ಹೊರರಾಜ್ಯದವರು ಜಾರ್ಜಿಯಾದ ಮೇಲೆ ಕೇಸು ಹಾಕಬಹುದು ಅಂತ ಹೇಳಿಬಿಟ್ಟಿತು. ರಾಜ್ಯಗಳು ಗಾಬರಿಯಾದವು. 1795ರಲ್ಲಿ ಸಂವಿಧಾನದ 11ನೇ ತಿದ್ದುಪಡಿ ಬಂದು ಆ ಬಾಗಿಲು ಮುಚ್ಚಿತು.

ಹಾಗಾಗಿ ಅರ್ಜಿಗಳು ರಾಶಿ ರಾಶಿ ಉಳಿದಿವೆ. ಹುಡುಕೋಕೆ ವರ್ಜೀನಿಯಾದಿಂದ ಶುರು ಮಾಡಿ. ರಿಚ್ಮಂಡ್‌ನ ಲೈಬ್ರರಿ ಆಫ್ ವರ್ಜೀನಿಯಾದಲ್ಲಿ 1865ರವರೆಗಿನ ಸುಮಾರು 25,000 ಅರ್ಜಿಗಳಿವೆ, ಆನ್‌ಲೈನ್‌ನಲ್ಲೇ ನೋಡಬಹುದು. ಹೆಸರಿನ ಜೊತೆ ಕೌಂಟಿಯ (ನಮ್ಮ ಜಿಲ್ಲೆಯ ಥರದ್ದು) ಹೆಸರನ್ನೂ ಹಾಕಿ ಹುಡುಕಿ, ಯಾಕೆಂದರೆ ಜೋಡಿಸಿಟ್ಟಿರೋದೇ ಕೌಂಟಿವಾರು.

ಒಂದು ಅರ್ಜಿಯನ್ನೇ ಹಿಡಿದು ನೋಡೋಣ. ನ್ಯೂ ಕೆಂಟ್ ಕೌಂಟಿ, 1786. ಅರ್ಜಿದಾರ ಜೇಮ್ಸ್, ವಿಲಿಯಂ ಆರ್ಮಿಸ್ಟೆಡ್ ಎಂಬುವರ ಗುಲಾಮ. ಕೇಳಿದ್ದು ತನ್ನ ಬಿಡುಗಡೆ. 1781ರಲ್ಲಿ, ಅಮೆರಿಕದ ಪರ ಹೋರಾಡುತ್ತಿದ್ದ ಫ್ರೆಂಚ್ ಸೇನಾನಿ ಲಫಾಯೆತ್‌ಗೋಸ್ಕರ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಪಾಳೆಯದೊಳಗೆ ಗೂಢಚಾರನಾಗಿ ಕೆಲಸ ಮಾಡಿದವನು. (ಹೌದು, 1792ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಅದೇ ಕಾರ್ನ್‌ವಾಲಿಸ್.) ಸಿಪಾಯಿಗಳಾಗಿ ದುಡಿದ ಗುಲಾಮರನ್ನು ಬಿಡುಗಡೆ ಮಾಡೋಕೆ 1783ರಲ್ಲೇ ಒಂದು ಕಾನೂನು ಬಂದಿತ್ತು, ಆದರೆ ಜೇಮ್ಸ್ ಸಿಪಾಯಿ ಅಲ್ಲ, ಗೂಢಚಾರ, ಅದಕ್ಕೇ ಅವನೊಬ್ಬನಿಗೋಸ್ಕರ ಬೇರೆ ಕಾನೂನು ಮಾಡಬೇಕಾಯಿತು.

ಇಂಥ ಅರ್ಜಿ ಸಿಕ್ಕಾಗ ಮೊದಲು ಹಿಂಬದಿ ನೋಡಿ. ಕಾಗದ ಮಡಚಿ, ಹೊರಮೈಯಲ್ಲಿ ಗುಮಾಸ್ತರು ಕೌಂಟಿ, ತಾರೀಖು, ಯಾವ ಸಮಿತಿಗೆ ಹೋಯಿತು ಅಂತ ಬರೆಯುತ್ತಿದ್ದರು. ಅದರ ಕೆಳಗೆ ಎಷ್ಟೋ ಸಲ ತೀರ್ಮಾನವೂ ಇರುತ್ತದೆ: ನ್ಯಾಯವಾದ ಬೇಡಿಕೆ, ಇಲ್ಲವೇ ತಿರಸ್ಕೃತ. ಮುಂದೇನಾಯಿತು ಅನ್ನೋದಕ್ಕೆ ಆ ತಾರೀಖು ಹಿಡಿದು ಸಭೆಯ ನಡಾವಳಿ ತಿರುವಿ ಹಾಕಿ. ಕೊನೆಗೆ ಕಾನೂನಿನ ಪುಸ್ತಕ. ವರ್ಜೀನಿಯಾದ್ದು 1792ರವರೆಗೆ ಹೆನಿಂಗ್ ಸಂಪಾದಿಸಿದ 13 ಸಂಪುಟಗಳಲ್ಲಿದೆ, ಜೇಮ್ಸ್‌ನ ಕಾನೂನು 12ನೆಯದರಲ್ಲಿ. ಅದನ್ನು ಪೂರ್ತಿ ಓದಿ, ಶೀರ್ಷಿಕೆ ನೋಡಿ ಸುಮ್ನೆ ಬಿಡಬೇಡಿ. ಜೇಮ್ಸ್ ಸ್ವತಂತ್ರನಾದ, ಸರಿ. ಆದರೆ ಖಜಾನೆಯ ದುಡ್ಡು ಹೋಗಿದ್ದು ಆರ್ಮಿಸ್ಟೆಡ್‌ಗೆ, ಜೇಮ್ಸ್‌ನ 'ಬೆಲೆ' ಕಟ್ಟಿ! ಜೇಮ್ಸ್ ಕೈಗೆ ದುಡ್ಡು ಬರೋಕೆ 1818ರಲ್ಲಿ ಮತ್ತೆ ಅರ್ಜಿ ಹಾಕಬೇಕಾಯಿತು: ತಕ್ಷಣಕ್ಕೆ 60 ಡಾಲರ್, ಆಮೇಲೆ ವರ್ಷಕ್ಕೆ 40.

ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮಂಜೂರಾದ ದುಡ್ಡೆಲ್ಲಾ ಕೈ ಸೇರುತ್ತಿರಲಿಲ್ಲ. ಮ್ಯಾಸಚೂಸೆಟ್ಸ್‌ನ ಬೆಲಿಂಡಾಳನ್ನೇ ನೋಡಿ. ಮೆಡ್‌ಫರ್ಡ್‌ನ ಐಸಾಕ್ ರಾಯಲ್ ಮನೆಯಲ್ಲಿ ದಶಕಗಟ್ಟಲೆ ಗುಲಾಮಳಾಗಿ ದುಡಿದವಳು. ರಾಯಲ್ 1775ರಲ್ಲಿ ಊರು ಬಿಟ್ಟು ಓಡಿಹೋದ. ಬೆಲಿಂಡಾ 1783ರಲ್ಲಿ ಅವನ ಆಸ್ತಿಯಿಂದ ತನಗೊಂದಿಷ್ಟು ಕೊಡಿಸಿ ಅಂತ ಕೇಳಿದಳು. ವರ್ಷಕ್ಕೆ 15 ಪೌಂಡ್ 12 ಷಿಲಿಂಗ್ ಮಂಜೂರಾಯಿತು. ಎಲ್ಲಿಂದ? ರಾಜ್ಯದ ಸಾಮಾನ್ಯ ಖಜಾನೆಯಿಂದಲ್ಲ, ರಾಯಲ್ ಆಸ್ತಿಯ ಬಾಡಿಗೆ ಆದಾಯದಿಂದ. ದುಡ್ಡು ಸರಿಯಾಗಿ ಬರಲಿಲ್ಲ, ಪಾಪ, ಮುಂದಿನ ಹತ್ತು ವರ್ಷ ಅದೇ ಪಿಂಚಣಿಗೆ ಮತ್ತೆ ಮತ್ತೆ ಅರ್ಜಿ ಹಾಕುತ್ತಲೇ ಇದ್ದಳು. ಅದಕ್ಕೇ 'ಎಷ್ಟು' ಅನ್ನೋದಕ್ಕಿಂತ 'ಯಾವ ನಿಧಿಯಿಂದ' ಅನ್ನೋ ಸಾಲನ್ನು ಮೊದಲು ಹುಡುಕಿ. ಆಮೇಲೆ ಅದೇ ಹೆಸರು ನಂತರದ ವರ್ಷಗಳಲ್ಲಿ ಮತ್ತೆ ಬಂದಿದೆಯಾ ನೋಡಿ. ಬಂದಿದ್ದರೆ ಏನೋ ಎಡವಟ್ಟಾಗಿದೆ ಅಂತಲೇ ಅನುಮಾನಪಡಿ.

ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಪಾವತಿಗಳು ಕಾನೂನಿಗಿಂತ ಜಾಸ್ತಿ 'ರಿಸಾಲ್ವ್' ಅನ್ನೋ ನಿರ್ಣಯಗಳಲ್ಲಿ ಸಿಗುತ್ತವೆ. ಚಿಲ್ಲರೆ ಬಿಲ್ಲುಗಳನ್ನು ಲೆಕ್ಕ ಸಮಿತಿ ಒಟ್ಟುಗೂಡಿಸಿ 'ರೋಲ್' ಅಂತ ಉದ್ದ ಪಟ್ಟಿ ಮಾಡುತ್ತಿತ್ತು: ಬಡವರನ್ನು ಸಾಕಿದ ಊರುಗಳು, ಶೆರಿಫ್‌ಗಳು, ಪ್ರಿಂಟರ್‌ಗಳು. ಸಭೆ ಒಪ್ಪಿದ ಮೇಲೂ ಗವರ್ನರ್ ತಮ್ಮ ಕೌನ್ಸಿಲ್ ಒಪ್ಪಿಗೆ ಪಡೆದು ವಾರಂಟ್‌ಗೆ, ಅಂದರೆ ಖಜಾನೆಯಿಂದ ದುಡ್ಡು ಕೊಡಿ ಅನ್ನೋ ಆದೇಶಪತ್ರಕ್ಕೆ, ಸಹಿ ಹಾಕಬೇಕಿತ್ತು. 1780ರ ಸಂವಿಧಾನದಲ್ಲೇ ಹಾಗಿದೆ. ಆ ವಾರಂಟ್ ಸಿಕ್ಕರೆ ಮಾತ್ರ ದುಡ್ಡು ಬಿಡುಗಡೆಗೆ ಆದೇಶವಾಗಿತ್ತು ಅಂತ ನಂಬಿ.

ಮೊತ್ತ ಹೋಲಿಸುವಾಗ ಹುಷಾರು. 20 ಷಿಲಿಂಗ್‌ಗೆ ಒಂದು ಪೌಂಡ್ ಸರಿ, ಆದರೆ ಒಂದು ಡಾಲರ್‌ಗೆ ವರ್ಜೀನಿಯಾ, ಮ್ಯಾಸಚೂಸೆಟ್ಸ್‌ನಲ್ಲಿ 6 ಷಿಲಿಂಗ್, ಪೆನ್ಸಿಲ್ವೇನಿಯಾದಲ್ಲಿ ಏಳೂವರೆ, ನ್ಯೂಯಾರ್ಕ್‌ನಲ್ಲಿ 8.

1850ರ ನಂತರದ ಅರ್ಜಿಯಾದರೆ ಈ ದಾರಿ ಎಲ್ಲಾ ಕಡೆ ನಡೆಯೋದಿಲ್ಲ. ಇಂಡಿಯಾನಾ 1851ರ ಸಂವಿಧಾನದಲ್ಲಿ, ರಾಜ್ಯದಿಂದ ನಷ್ಟಪರಿಹಾರ ಕೇಳುವ ಒಬ್ಬೊಬ್ಬರಿಗೂ ವಿಶೇಷ ಕಾನೂನು ಮಾಡೋದನ್ನೇ ನಿಷೇಧಿಸಿತು. ನ್ಯೂಯಾರ್ಕ್‌ನಲ್ಲಿ 1897ರಲ್ಲಿ ಇದಕ್ಕೇ ಬೇರೆ ಕೋರ್ಟ್ ಬಂತು, ಅಲ್ಲಿನ ದಾಖಲೆ ಕೇಳಿ.