ಮೇಲ್ದವಡೆ ತೆಗೆದ ಮೇಲೆ ಅಂಗುಳ ಕಟ್ಟುವುದು: ನನ್ನ ಅನುಭವ

ಮೇಲ್ದವಡೆ ಕ್ಯಾನ್ಸರ್ ಆದವರನ್ನು ಆಪರೇಷನ್‌ಗೆ ಮೊದಲೇ ನನ್ನ ಹತ್ತಿರ ಕಳಿಸಿ ಎಂದು ಸರ್ಜನ್‌ಗಳನ್ನು ಕಾಡುತ್ತಲೇ ಇರುತ್ತೇನೆ. ಕೃತಕ ದಂತ ತಜ್ಞರ ಸರದಿ ಎಲ್ಲ ಮುಗಿದ ಮೇಲೆ ಎಂಬ ಭಾವನೆ ಇನ್ನೂ ಹೋಗಿಲ್ಲ.

ಮೊದಲು ಬಾಯಿಯ ಅಳತೆ ತೆಗೆದು ಅಚ್ಚು ಮಾಡುತ್ತೇನೆ. ಎಲ್ಲಿ ಕತ್ತರಿಸುತ್ತಾರೋ ಸರ್ಜನ್ ಅಚ್ಚಿನ ಮೇಲೆಯೇ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಅಲ್ಲಿ ನನ್ನದೊಂದು ಬೇಡಿಕೆ: ಎರಡು ಹಲ್ಲುಗಳ ಸಂದಿಯಲ್ಲಿ ಕತ್ತರಿಸಬೇಡಿ, ಗೆರೆಯ ಮೇಲಿನ ಹಲ್ಲು ಕಿತ್ತು, ಅದರ ಗುಳಿಯ ನಡುವೆ ಕತ್ತರಿಸಿ. ಆಗ ಪಕ್ಕದ ಹಲ್ಲಿಗೆ ಮೂಳೆಯ ಆಸರೆ ಉಳಿಯುತ್ತದೆ. ಮುಂದೆ ಅಂಗುಳದ ರಂಧ್ರ ಮುಚ್ಚುವ, ಹಾಕಿ ತೆಗೆಯುವ ಕೃತಕ ತಟ್ಟೆಯಾದ ಆಬ್ಚುರೇಟರ್‌ನ ಭಾರ ಹೆಚ್ಚು ಬೀಳುವುದು ಅದರ ಮೇಲೆಯೇ. ಗಡ್ಡೆ ಅಷ್ಟು ಜಾಗ ಬಿಡದಿದ್ದರೆ ನನ್ನ ಮಾತು ನಡೆಯುವುದಿಲ್ಲ, ನಡೆಯಲೂಬಾರದು.

ಆ ಅಚ್ಚಿನ ಮೇಲೆ ಮಾಡಿಟ್ಟ ಅಕ್ರಿಲಿಕ್ ತಟ್ಟೆಯನ್ನು ಆಪರೇಷನ್ ಟೇಬಲ್ಲಿನ ಮೇಲೆಯೇ ಕೂರಿಸುತ್ತೇವೆ. ಗಾಯದೊಳಗೆ ತುಂಬಿದ ಬಟ್ಟೆ, ಅಂದರೆ ಪ್ಯಾಕಿಂಗ್, ಜಾರದಂತೆ ಅದೇ ಹಿಡಿದಿಡುತ್ತದೆ. 7ರಿಂದ 10 ದಿನಕ್ಕೆ ಪ್ಯಾಕಿಂಗ್ ತೆಗೆದು ತಾತ್ಕಾಲಿಕ ಆಬ್ಚುರೇಟರ್. ಗಾಯ ಮಾಗುತ್ತಾ ಕುಗ್ಗುವುದರಿಂದ ಅದರ ಮೆತ್ತನೆಯ ಒಳಪದರವನ್ನು ಮತ್ತೆ ಮತ್ತೆ ಬದಲಿಸಬೇಕು. ರೇಡಿಯೇಷನ್ ಇದ್ದರೆ ದವಡೆ ಬಿಗಿಯುತ್ತದೆ. ಬಾಯಿ ತೆರೆಯುವ ವ್ಯಾಯಾಮ ಬಿಟ್ಟವರಿಗೆ ಆಮೇಲೆ ಅಳತೆ ತಟ್ಟೆಯೇ ಒಳಗೆ ಹೋಗುವುದಿಲ್ಲ.

ಕಾಯಂ ಆಬ್ಚುರೇಟರ್‌ಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಕಾಯುತ್ತೇನೆ. ಅಳತೆ ತೆಗೆಯುವಾಗ ರಂಧ್ರದ ಮೇಲ್ಭಾಗಕ್ಕೆ ವ್ಯಾಸಲೀನ್ ಸವರಿದ ಗಾಜ್ ಬಟ್ಟೆ ತುಂಬಿ, ಅದಕ್ಕೆ ಕಟ್ಟಿದ ದಾರವನ್ನು ಹೊರಗೆ ಬಿಡುತ್ತೇನೆ. ಇಲ್ಲದಿದ್ದರೆ ಅಳತೆಯ ವಸ್ತು ಮೂಗಿನೊಳಗೆ ಸಿಕ್ಕಿಕೊಂಡು ಪರದಾಟ. ವಸ್ತು ಗಟ್ಟಿಯಾಗುವ ಮುಂಚೆ ರೋಗಿ ನುಂಗಬೇಕು, ಕತ್ತು ಎಡಕ್ಕೂ ಬಲಕ್ಕೂ ತಿರುಗಿಸಬೇಕು, ಗದ್ದವನ್ನು ಎದೆಗೆ ತಾಗಿಸಬೇಕು. ಕೆನ್ನೆಯ ಒಳಗೆ ಚರ್ಮದ ಕಸಿ ಹಾಕಿದ್ದರೆ ಅದರ ಅಂಚಿನ ಕಲೆ ಗಟ್ಟಿ ಪಟ್ಟಿಯಾಗಿರುತ್ತದೆ. ನಾನು ಮೊದಲು ಬೆರಳಿಟ್ಟು ಹುಡುಕುವುದು ಅದನ್ನೇ: ಆಬ್ಚುರೇಟರ್‌ನ ರಂಧ್ರದೊಳಗೆ ಹೋಗುವ ಗುಂಡು ಭಾಗ ಅದರ ಮೇಲೆ ಕೂತರೆ ಕೆಳಗೆ ಜಾರುವುದಿಲ್ಲ. ಗುಂಡನ್ನು ಟೊಳ್ಳಾಗಿಯೇ ಮಾಡಿಸುತ್ತೇನೆ, ಭಾರ ಹೆಚ್ಚಿದಷ್ಟೂ ಉಳಿದ ಹಲ್ಲುಗಳಿಗೆ ಪೆಟ್ಟು.

ಕೂರಿಸಿದ ಮೇಲೆ ನೆಟ್ಟಗೆ ಕೂತು ಒಂದು ಗುಟುಕು ನೀರು. ಮೂಗಿನಲ್ಲಿ ಬಂದರೆ ಎಲ್ಲೋ ಸಂದಿ ಇದೆ. ಆಮೇಲೆ "ಅಪ್ಪ" ಅನ್ನಿಸುತ್ತೇನೆ. ಗಾಳಿ ಮೂಗಿಗೆ ಸೋರುತ್ತಿದ್ದರೆ ಅದು "ಅಮ್ಮ"ನ ಕಡೆಗೆ ವಾಲುತ್ತದೆ. "ಅಮ್ಮ"ನೇ ನೆಗಡಿ ಬಂದವರ ಹಾಗೆ ಕೇಳಿಸಿದರೆ ಗುಂಡು ಮೂಗಿನ ದಾರಿ ಕಟ್ಟಿದೆ, ಉಜ್ಜಿ ಇಳಿಸಬೇಕು.

ಪ್ರತಿ ಭೇಟಿಯಲ್ಲೂ ಆಬ್ಚುರೇಟರ್ ತೆಗೆದಿಟ್ಟು ಟಾರ್ಚ್ ಹಿಡಿದು ಕುಹರ ನೋಡುತ್ತೇನೆ. ಹೊಸ ಹುಣ್ಣೋ, ರಕ್ತ ಜಿನುಗುವ ಜಾಗವೋ ಕಂಡರೆ ಉಜ್ಜಾಟ ನಿಲ್ಲಿಸಿ ಅಂದೇ ಸರ್ಜನ್ ಬಳಿಗೆ ಕಳಿಸುತ್ತೇನೆ.